ಸಿಲಿಕಾನ್ ಬಿಲ್ಲೆಯೊಳಗಿನ ನೂಕುನುಗ್ಗಲು
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯ ಲೆಕ್ಕ ಬರೆಯುವ ಗುಮಾಸ್ತ, ಮೆಟ್ರಿಕ್ಕಿನಾಚೆ ಓದಿದವನಲ್ಲ. ಕಳೆದ ತಿಂಗಳು ಇದೇ ಮೇಜಿನ ಬಳಿ ನೇಯ್ಗೆ ಖಾತೆಯ ತರುಣನೊಬ್ಬ ತನ್ನ ಫೋನು ತೋರಿಸಿ, "ಇದರೊಳಗಿನ ಚಿಪ್ಪನ್ನು ಹೇಗೆ ಮಾಡುತ್ತಾರೆ?" ಎಂದು ಕೇಳಿದ. "ಅದು ನಮ್ಮಂಥವರಿಗೆ ತಿಳಿಯುವುದಲ್ಲ" ಎಂದುಬಿಟ್ಟೆ. ಆ ಮಾತು ಆಮೇಲೆ ನನ್ನನ್ನೇ ಚುಚ್ಚಿತು. ಅದಕ್ಕೆ ಪ್ರಾಯಶ್ಚಿತ್ತವಾಗಿ ಆ ಕೆಲಸದ ಒಂದು ಹಂತವನ್ನಾದರೂ ಓದಿಕೊಂಡು ಬಂದಿದ್ದೇನೆ.

ಶುದ್ಧ ಸಿಲಿಕಾನಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯದು. ಬೋರಾನ್, ಆರ್ಸೆನಿಕ್‌ಗಳಂಥ ವಸ್ತುವನ್ನು ಅತ್ಯಲ್ಪವಾಗಿ ಬೆರೆಸಬೇಕು. ಮೊದಲು ಕುಲುಮೆಯಲ್ಲಿ, ಬಟ್ಟೆಗೆ ಬಣ್ಣ ಹಿಡಿಸಿದಂತೆ ಇಳಿಸುತ್ತಿದ್ದರು. ಅಯಾನುಗಳನ್ನು ವಿದ್ಯುತ್ ಬಲದಿಂದ ಗುಂಡಿನಂತೆ ಹೊಡೆದು ಸೇರಿಸುವ ವಿಧಾನಕ್ಕೆ ಅಮೆರಿಕೆಯ ವಿಲಿಯಂ ಶಾಕ್ಲಿಯವರು 1954ರಲ್ಲಿ ಪೇಟೆಂಟು ಕೋರಿದರು. 1957ರಲ್ಲಿ ಅದು ದೊರೆಯಿತು.

ಗುಂಡು ಬಿದ್ದರೆ ಗಾಯವಾಗದೆ ಇದ್ದೀತೆ? ಸಾಲಾಗಿ ಕುಳಿತ ಸಿಲಿಕಾನ್ ಪರಮಾಣುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಬಿಲ್ಲೆಯನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬಹುಪಾಲು ಮತ್ತೆ ತಮ್ಮ ಸ್ಥಾನ ಸೇರುತ್ತವೆ. ಆದರೆ ಹೊಸದಾಗಿ ಬಂದ ಬೋರಾನೂ ಸ್ಥಾನ ಹಿಡಿಯುವುದರಿಂದ, ಅಯಾನಿಗೆ ಸುಮಾರು ಒಂದರಂತೆ ಸಿಲಿಕಾನ್ ಪರಮಾಣು ಸ್ಥಳವಿಲ್ಲದೆ ಉಳಿಯುತ್ತದೆ.

ಬೆಳಗಿನ ಲೋಕಲ್ ಗಾಡಿಯನ್ನು ನೆನೆಯಿರಿ. ಸೀಟಿಲ್ಲದವನು ಕುಳಿತವನನ್ನು ಎಬ್ಬಿಸಿ ತಾನು ಕೂತರೆ, ಎದ್ದವನು ಮುಂದೆ ಮುಂದೆ ಸರಿಯಬೇಕು. ಬೋರಾನಿನ ಪಾಡೂ ಇದೇ. ಬರಿಯ ಶಾಖದಿಂದ ಸರಿಯುವುದಕ್ಕಿಂತ ಸಾವಿರಾರು ಪಟ್ಟು ವೇಗವಾಗಿ ಅದು ಸರಿಯಬಲ್ಲದು. ಹೆಚ್ಚುವರಿಯವರು ಮೇಲ್ಮೈಯೆಂಬ ನಿಲ್ದಾಣದಲ್ಲಿ ಇಳಿದ ಮೇಲೆಯೇ ಈ ನೂಕಾಟ ನಿಲ್ಲುವುದು. ಅವು ಕಡ್ಡಿಯಂತೆ ಗುಂಪುಕಟ್ಟಿ, ಕಾಯಿಸಿದಾಗ ಬಿಡಿಬಿಡಿಯಾಗಿ ಹೊರಬೀಳುತ್ತವೆಂದು ಬೆಲ್ ಪ್ರಯೋಗಾಲಯದ ಈಗಲ್‌ಶ್ಯಾಮ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು.

ಸರಿದರೆ ನಷ್ಟವೇನು? ಇಲ್ಲಿಯ ಅಳತೆಗಳು ಹತ್ತಾರು ನ್ಯಾನೋಮೀಟರು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರು. ಅಂಚಿನ ಬಣ್ಣ ಮೈಗೆ ಹರಡಿದರೆ ಸೀರೆ ಕೆಡುವಂತೆ, ಬೋರಾನ್ ಹರಡಿದರೆ ವಿದ್ಯುತ್ತು ಸೋರಿ ಟ್ರಾನ್ಸಿಸ್ಟರೆಂಬ ಸ್ವಿಚ್ಚು ಸರಿಯಾಗಿ ಆರದು.

ಕಾಯಿಸದೆ ಗಾಯ ಮಾಯದು. ಕಾಯಿಸಿದರೆ ಬೋರಾನ್ ಹರಡುತ್ತದೆ. ದಾರಿ ಯಾವುದು? ಹದವಾದ ಶಾಖದಲ್ಲಿ ಬಹಳ ಹೊತ್ತು ಇಡುವುದಕ್ಕಿಂತ, ತೀವ್ರ ಶಾಖವನ್ನು ಕ್ಷಣಮಾತ್ರ ಕೊಡುವುದೇ ಮೇಲು. ಲೇಸರಿನಿಂದ ಮಿಲಿಸೆಕೆಂಡುಗಳಲ್ಲೇ ಕಾಯಿಸುವುದುಂಟು. ಜೊತೆಗೆ ಇಂಗಾಲ ಸೇರಿಸಿದರೆ ಅದು ಅಲೆಯುವ ಸಿಲಿಕಾನನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆ ತರುಣ ಇಂದು ಮುಂದಿನ ಸಾಲಿನಲ್ಲಿಯೇ ಇದ್ದಾನೆ. ಎಲ್ಲರೆದುರು ಅವನ ಕ್ಷಮೆ ಕೇಳುತ್ತೇನೆ. ಈ ಮೇಜಿನ ಬಳಿ ಯಾರು ಏನು ಕೇಳಿದರೂ ಇನ್ನು ಆ ಮಾತು ಆಡೆನು; ತಿಳಿಯದಿದ್ದರೆ ಇಬ್ಬರೂ ಕೂಡಿ ಓದೋಣ ಎನ್ನುವೆನು.