ಮೀನಿನ ಕಣ್ಣಿಗೆ ಮತ್ತೆ ಬೆಳಕು



ರಾಜ್ಯೋತ್ಸವದ ವೇದಿಕೆಯಲ್ಲಿ ಮೀನಿನ ಮಾತೇಕೆ ಎಂದು ತಾವು ಕೇಳಬಹುದು. ನಾನು ಹೇಳಹೊರಟಿರುವುದು ಒಂದೂವರೆ ಅಂಗುಲದ, ಮೈಮೇಲೆ ಪಟ್ಟೆಗಳುಳ್ಳ ಜೀಬ್ರಾ ಮೀನಿನ ವಿಷಯ. ನಮ್ಮ ದೇಶದ ಹೊಳೆಹಳ್ಳಗಳ ಈ ಮೀನನ್ನು 1822ರ ತನ್ನ ಗ್ರಂಥದಲ್ಲಿ ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿ ಅಲ್ಲಿಯ ಬೇಸಾಯ, ಜನಜೀವನಗಳನ್ನು ಬರೆದಿಟ್ಟ ಬುಕಾನನ್ನನೇ ಈತ.

ನಮ್ಮ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿವೆ. ಅವುಗಳಲ್ಲಿ ಕಡ್ಡಿಯಾಕಾರದವು ಮಬ್ಬು ಬೆಳಕಿನ ನೋಟಕ್ಕೆ ಅವಶ್ಯವಾದವು. ಮನುಷ್ಯನಲ್ಲಿ ಇವು ಸತ್ತರೆ ಮತ್ತೆ ಹುಟ್ಟವು. ವಂಶಪಾರಂಪರ್ಯವಾಗಿ ಬರುವ ಒಂದು ರೋಗದಲ್ಲಿ ಮೊದಲು ಇರುಳುಗುರುಡು ತಲೆದೋರಿ, ಅನಂತರ ಹಗಲಿನ ನೋಟವೂ ಕುಗ್ಗುತ್ತ ಹೋಗುವುದುಂಟು. ಜೀಬ್ರಾ ಮೀನಿಗಾದರೋ ನಾಶವಾದ ಕೋಶಗಳ ಜಾಗದಲ್ಲಿ ಹೊಸವು ಮೂಡುತ್ತವೆ. ಅಕ್ಷಿಪಟಲಕ್ಕೆ ಆಧಾರವಾಗಿರುವ ಮ್ಯೂಲರ್ ಕೋಶಗಳು ವಿಭಜನೆಗೊಂಡು ಇವನ್ನು ಒದಗಿಸುತ್ತವೆ. ಮ್ಯೂಲರ್ ಕೋಶಗಳು ನಮ್ಮ ಕಣ್ಣಿನಲ್ಲಿಯೂ ಇವೆ. ಆದರೆ ಪೆಟ್ಟು ಬಿದ್ದಾಗ ಅವು ಗಾಯದ ಕಲೆ ಕಟ್ಟಿ ಸುಮ್ಮನಾಗುತ್ತವೆ!

ಮೀನಿನಲ್ಲಿ ಅವನ್ನು ಎಚ್ಚರಿಸುವವರು ಯಾರು? ಇಲ್ಲಿ ದೇಹರಕ್ಷಣೆಯ ಪಡೆಯ ಪ್ರವೇಶವಾಗುತ್ತದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದನು. ಅಲೆಮಾರಿ ಕೋಶಗಳು ಬಂದು ಆ ಮುಳ್ಳನ್ನು ಮುತ್ತಿದುವು. ಅಂಥ ಭಕ್ಷಕ ಕೋಶಗಳ ಬಳಗದ ಮೈಕ್ರೋಗ್ಲಿಯಗಳು ಕಣ್ಣಿನ ಒಳಗೆ ಕಾವಲಿರುತ್ತವೆ.

2017ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೀಬ್ರಾ ಮೀನಿನ ಮರಿಗಳಲ್ಲಿ ಕಡ್ಡಿಕೋಶಗಳನ್ನು ಮಾತ್ರ ಕೊಂದು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಮೈಕ್ರೋಗ್ಲಿಯಗಳು ಸತ್ತ ಕೋಶಗಳತ್ತ ಧಾವಿಸಿದುವು. ಅವನ್ನೂ ತೆಗೆದುಹಾಕಿದಾಗ ಮ್ಯೂಲರ್ ಕೋಶಗಳ ವಿಭಜನೆ ಕುಂಠಿತವಾಯಿತು. ಉರಿಯೂತವನ್ನು ಅಡಗಿಸುವ ಡೆಕ್ಸಾಮೆಥಸೋನ್ ಔಷಧವನ್ನು ಮೊದಲೇ ಕೊಟ್ಟರೆ ಹೊಸ ಕೋಶಗಳ ಹುಟ್ಟು ತಡವಾಯಿತು. ಅದೇ ಔಷಧವನ್ನು ಕೋಶಗಳು ಸತ್ತ ಮೇಲೆ ಕೊಟ್ಟರೆ ಕೆಲಸ ಇನ್ನೂ ಬೇಗ ಸಾಗಿತು! ಔಷಧ ಒಂದೇ, ಹೊತ್ತು ಬೇರೆ.

ಅದೇ ವರ್ಷ ಪ್ರಕಟವಾದ ಇನ್ನೊಂದು ಸಂಶೋಧನೆ, ಉರಿಯೂತವನ್ನು ತಣಿಸುವ ಒಂದು ಜಾತಿಯ ಬಿಳಿ ರಕ್ತಕಣಗಳು ಗಾಯಗೊಂಡ ಅಂಗಗಳಿಗೆ ಹೋಗಿ, ಅಕ್ಷಿಪಟಲಕ್ಕೆ ಒಂದು, ಹೃದಯಕ್ಕೆ ಇನ್ನೊಂದು ಎಂಬಂತೆ ಆಯಾ ಅಂಗಕ್ಕೆ ತಕ್ಕ ಬೆಳವಣಿಗೆಯ ದ್ರವ್ಯವನ್ನು ಒದಗಿಸುತ್ತವೆಂದು ತೋರಿಸಿತು.

ಇದರ ತಾತ್ಪರ್ಯವಿಷ್ಟೆ: ಉರಿಯೂತ ಕಂಡೊಡನೆ ಅದನ್ನು ಬೇರುಸಹಿತ ಕೀಳಹೊರಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಕಸ ಗುಡಿಸಿ ಕೆಲಸಗಾರರನ್ನು ಎಬ್ಬಿಸಲು ಅದು ಬೇಕು; ಎಬ್ಬಿಸಿದ ಮೇಲೆ ಅದು ಹಿಂದೆ ಸರಿಯಬೇಕು. ಮೀನಿನ ಮರಿಯಲ್ಲಿ ಕಂಡದ್ದು ನಾಳೆಯೇ ಮನುಷ್ಯನಿಗೆ ಮದ್ದಾಗುವುದೆಂದು ಯಾರೂ ಭ್ರಮಿಸಬಾರದು. ಆದರೂ ನಮ್ಮ ಕಣ್ಣಿನಲ್ಲಿಯೇ ಮಲಗಿರುವ ಕೋಶಗಳನ್ನು ಎಬ್ಬಿಸುವ ಹೊತ್ತು ಯಾವುದು, ಕಾವಲುಗಾರರನ್ನು ಸುಮ್ಮನಿರಿಸುವ ಹೊತ್ತು ಯಾವುದು ಎಂದು ಕೇಳಲು ಈ ಪುಟ್ಟ ಮೀನು ನಮಗೆ ಕಲಿಸಿದೆ. ನೋಟ ಕಳೆದುಕೊಳ್ಳುತ್ತಿರುವವರ ಪಾಲಿಗೆ ಇದು ಸಣ್ಣ ಪ್ರಶ್ನೆಯಲ್ಲ.