ಕಿಟಕಿಯ ಮೇಲಿನ ಕರಿ ಕಣಜ ಯಾರು?

ಮಕ್ಕಳೇ, ಕುವೈತಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಮಳೆ ಹಿಡಿದಿರುತ್ತದೆ. ಸಾಲ್ಮಿಯಾದಿಂದಲೋ ಮಂಗಫ್‌ನಿಂದಲೋ ಉಡುಪಿಯ ಅಜ್ಜಿಮನೆಗೆ ಬಂದಿಳಿದವರು ಬಚ್ಚಲಿನ ಕಿಟಕಿಯನ್ನೊಮ್ಮೆ ನೋಡಿ. ಒಂದು ಸೆಂಟಿಮೀಟರಿನಷ್ಟು ಉದ್ದದ ಕಪ್ಪು ಹುಳವೊಂದು ಗಾಜಿನ ಮೇಲೆ ಗಡಿಬಿಡಿಯಿಂದ ಓಡಾಡುತ್ತಿರಬಹುದು. ಕುವೈತಿನ ಫ್ಲಾಟಿನಲ್ಲೇ ಕಂಡರೂ ಬೆರಗಾಗಬೇಡಿ. ಹೊರಗೆ 50 ಡಿಗ್ರಿ ಸುಡುತ್ತಿದ್ದರೂ ಮೋರಿಯೊಳಗೆ ಜಿರಳೆಗೆ ನೀರು, ನೆರಳು ಎರಡೂ ಉಂಟು. ಈ ಹುಳಕ್ಕೆ ಬೇಕಾದದ್ದು ಜಿರಳೆಯೇ.

ಇದು ಯಾರು? ಬಣ್ಣದಿಂದ ಶುರು ಮಾಡಬೇಡಿ, ಕಪ್ಪು ಹುಳಗಳು ಲೆಕ್ಕವಿಲ್ಲದಷ್ಟಿವೆ. ರೆಕ್ಕೆ ಎಣಿಸಿ. ನೊಣಕ್ಕೆ ಎರಡು, ಇದಕ್ಕೆ ನಾಲ್ಕು. ಎದೆಗೂ ಹೊಟ್ಟೆಗೂ ನಡುವೆ ಸಪೂರ ಸೊಂಟವೂ ಇದೆ. ಅಲ್ಲಿಗೆ ಕಣಜ ಎಂದಾಯಿತು.

ಇನ್ನು ಆ ಸೊಂಟ ಎಲ್ಲಿಂದ ಹೊರಟಿದೆ ನೋಡಿ. ನನ್ನ ಮಟ್ಟಿಗೆ ಇಡೀ ಪತ್ತೇದಾರಿಯಲ್ಲಿ ಮಜಾ ಇರುವುದು ಇಲ್ಲೇ. ಹೆಚ್ಚಿನ ಕಣಜಗಳಲ್ಲಿ ಅದು ಎದೆಯ ಹಿಂಬದಿಯಲ್ಲಿ, ಕೆಳಗೆ, ಹಿಂಗಾಲಿನ ಬುಡದ ಹತ್ತಿರ ಅಂಟಿಕೊಂಡಿರುತ್ತದೆ. ಇದರದ್ದು ಮೇಲೆ, ಬೆನ್ನಿಗೆ ಸಮೀಪ. ಅದರ ತುದಿಗೆ ಎರಡೂ ಪಕ್ಕದಿಂದ ಅದುಮಿ ಚಪ್ಪಟೆ ಮಾಡಿದಂಥ ಪುಟಾಣಿ ಹೊಟ್ಟೆ. ನಡೆಯುವಾಗ ಅದು ಬಾವುಟದ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಎತ್ತರದ ಸೊಂಟ ಇನ್ನೆರಡು ನೆಂಟ ಕುಟುಂಬಗಳಿಗೂ ಇದೆ, ಆದರೆ ಅವುಗಳ ಹೊಟ್ಟೆ ಉದ್ದ. ಹಾಗಾಗಿ ನಮ್ಮದು ಬಾವುಟ ಕಣಜಗಳ ಕುಟುಂಬ, ಇವೇನಿಡೇ.

ಬದುಕಿರುವಾಗ ಕಣ್ಣು ನೀಲಿ, ಮೀಸೆಯಲ್ಲಿ 13 ತುಂಡು. ಇಷ್ಟಾದರೆ ಇದು ಬಹುಮಟ್ಟಿಗೆ ಇವೇನಿಯಾ ಅಪೆಂಡಿಗ್ಯಾಸ್ಟರ್. ಲಿನೇಯಸ್ 1758ರಲ್ಲೇ ವಿವರಿಸಿದ ಜಾತಿ. 'ಬಹುಮಟ್ಟಿಗೆ' ಅಂದೆನಲ್ಲ, ಕಾರಣ ಇದೆ. ಪ್ರೊಸೆವೇನಿಯಾ ಎಂಬ ದಾಯಾದಿ ಕಣಜಗಳೂ ಜಿರಳೆಯನ್ನೇ ಹುಡುಕಿಕೊಂಡು ಮನೆಗೆ ಬರುತ್ತವೆ, ನೋಡಲು ಹೀಗೇ ಇರುತ್ತವೆ. ಖಚಿತವಾಗಬೇಕಾದರೆ ರೆಕ್ಕೆಯ ನರಗಳನ್ನೂ ಎದೆಯ ಅಡಿಭಾಗವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫೋನಿನ ಫೋಟೋಗೆ ಅಷ್ಟು ಕಾಣುವುದಿಲ್ಲ. ಗಂಡೋ ಹೆಣ್ಣೋ ಎಂಬುದು ಮಾತ್ರ ಬರಿಗಣ್ಣಿಗೇ ಸಿಗಬಹುದು: ಹೆಣ್ಣಿನ ಹೊಟ್ಟೆ ತುಸು ದೊಡ್ಡದು, ತ್ರಿಕೋನ, ಗಂಡಿನದು ಚಿಕ್ಕದು, ಅಂಡಾಕಾರ.

ಹೊಡೆಯಬೇಡಿ, ಇದು ಮನುಷ್ಯರನ್ನು ಕುಟುಕುವುದಿಲ್ಲ. ಅಮ್ಮನಿಗೆ ತೋರಿಸುವ ಮುಂಚೆ ಮಾತ್ರ ಯೋಚಿಸಿ. ಈ ಕಣಜ ಬಂತೆಂದರೆ ಹತ್ತಿರದಲ್ಲೆಲ್ಲೋ ಜಿರಳೆ ಇದೆ ಎಂದೇ ಲೆಕ್ಕ!

ದೊಡ್ಡ ಕೆಂಗಂದು ಜಿರಳೆ ಸುಮಾರು 8 ಮಿಲಿಮೀಟರ್ ಉದ್ದದ ಗಟ್ಟಿ ಚೀಲದಲ್ಲಿ ಹದಿನಾಲ್ಕೋ ಹದಿನಾರೋ ಮೊಟ್ಟೆ ಇಟ್ಟು ಮೂಲೆಯಲ್ಲಿ ಅಂಟಿಸಿ ಹೋಗುತ್ತದೆ. ಹೆಣ್ಣು ಕಣಜ ಅದನ್ನು ಹುಡುಕಿ, ಚೀಲ ಕೊರೆದು, ಒಳಗೆ ತನ್ನದೊಂದು ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ ಒಂದೊಂದಾಗಿ ಎಲ್ಲ ಜಿರಳೆ ಮೊಟ್ಟೆಗಳನ್ನೂ ತಿಂದು ಮುಗಿಸುತ್ತದೆ. ತಲೆಯ ಹೇನು ನಮ್ಮ ರಕ್ತ ಕುಡಿದರೂ ನಮ್ಮನ್ನು ಬದುಕಲು ಬಿಡುತ್ತದೆ. ಇದು ತನಗೆ ಊಟ ಕೊಟ್ಟದ್ದನ್ನು ಉಳಿಸುವುದಿಲ್ಲ. ಇಂಥವನ್ನೇ ಪ್ಯಾರಾಸಿಟಾಯ್ಡ್ ಎನ್ನುವುದು.

ಕಣಜ ಕಾಣಿಸದಿದ್ದರೂ ಗುರುತು ಸಿಗುತ್ತದೆ. ಫ್ರಿಜ್ಜಿನ ಹಿಂದೆ, ಹಳೆಯ ರಟ್ಟಿನ ಡಬ್ಬಗಳ ಸಂದಿಯಲ್ಲಿ ಖಾಲಿ ಚೀಲ ಸಿಕ್ಕರೆ ಟಾರ್ಚ್ ಹಿಡಿದು ನೋಡಿ. ಮೇಲಂಚಿನ ಹೊಲಿಗೆ ಬಿಚ್ಚಿಕೊಂಡಿದ್ದರೆ ಜಿರಳೆಮರಿಗಳು ಹೊರಬಿದ್ದಿವೆ. ಚೀಲದಲ್ಲಿ ಒಂದೇ ಒಂದು ದುಂಡು ತೂತಿದ್ದರೆ, ಅಲ್ಲಿಂದ ಬಂದದ್ದು ಕಣಜ.