ಹಿಮವಿಲ್ಲದ ಬೆಟ್ಟದ ನೀರು

(ಇಳಕಲ್ಲಿನಲ್ಲಿ ವಿದ್ಯಾರ್ಥಿಗಳು ಹಾಗೂ ರೈತರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಮಲೆನಾಡಿನವನು. ಮನೆಯ ಹಿಂದೆ ಬೆಟ್ಟ, ಮುಂದೆ ಅಡಿಕೆ ತೋಟ, ನಡುವೆ ಬೇಸಿಗೆಯಲ್ಲೂ ಹರಿಯುವ ಸಣ್ಣ ಹಳ್ಳ. ಇಂತಹ ಊರಿನಲ್ಲಿ ಬೆಳೆದವನು. ವೃತ್ತಿಯಿಂದ ಕೃಷಿ ವಿಜ್ಞಾನಿ. ಮಣ್ಣಿನ ತೇವಾಂಶ ನನ್ನ ಅಧ್ಯಯನದ ವಿಷಯ. ಇಂದು 'ಬೆಟ್ಟ ಮತ್ತು ನೀರು' ಕುರಿತು ಮಾತನಾಡಬೇಕೆಂದು ಸಂಘಟಕರು ತಿಳಿಸಿದ್ದಾರೆ. ಆ ಮಾತನ್ನು ನಿಮ್ಮ ಜಿಲ್ಲೆಯ ಬಾದಾಮಿಯ ಗುಡ್ಡದಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ಭಾನುವಾರ, ನಾವು ಐವರು ಗೆಳೆಯರು ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನಿಂದ ನಡೆದುಹೋಗಲು ಹೊರಟೆವು. ಬಾದಾಮಿಯ ಬಂಡೆ ಹತ್ತಲು, ಗುಡ್ಡ ಸುತ್ತಲು ಬರುವವರ ಋತು ಚಳಿಗಾಲ. ಮಾರ್ಚ್ ಎಂದರೆ ಅದರ ಕಟ್ಟಕಡೆ. ರಜೆ ಹೊಂದಿಕೆಯಾದದ್ದು ಆಗಲೇ. 'ಇನ್ನೊಂದು ವಾರ ತಡವಾದರೆ ಬಿಸಿಲು ತಡೆಯಲಾಗದು, ಈಗಲೇ ಹೋಗಿಬಿಡೋಣ' ಎಂದು ನಾನೇ ಒತ್ತಾಯಿಸಿದೆ. ಬೆಟ್ಟದಲ್ಲಿ ಹುಟ್ಟಿದವನೆಂಬ ಕಾರಣಕ್ಕೆ ಗೆಳೆಯರು ನನ್ನನ್ನೇ ಮುಂದಾಳು ಮಾಡಿದ್ದರು.

ಐದೂವರೆಗೆ ಹೊರಡಬೇಕಾದವರು ಎಂಟೂವರೆಗೆ ಹೊರಟೆವು. ಮೇಣಬಸದಿಗಳನ್ನು ನೋಡುವುದರಲ್ಲಿ, ಅಗಸ್ತ್ಯತೀರ್ಥದ ದಡದಲ್ಲಿ ಚಿತ್ರ ತೆಗೆಯುವುದರಲ್ಲಿ, ಉಪಾಹಾರದಲ್ಲಿ ಹೊತ್ತು ಹೋಯಿತು. ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಸಾವಿರದ ನಾಲ್ಕುನೂರು ವರ್ಷಗಳ ಅಕ್ಷರಗಳ ಮುಂದೆ ಅರ್ಧ ಗಂಟೆ ತಡವಾದರೆ ಏನಾದೀತು ಎಂದುಕೊಂಡೆವು. ತಲಾ ಎರಡು ಲೀಟರ್ ನೀರು ಹೊತ್ತಿದ್ದೆವು. ಮೇಲೆ ಬಂಡೆಯ ದೊಣೆಯಲ್ಲಿ ನೀರು ಸಿಗುತ್ತದೆಂದು ಹಿಂದೊಮ್ಮೆ ಡಿಸೆಂಬರಿನಲ್ಲಿ ಕಂಡದ್ದನ್ನು ನೆನೆದು ನಾನೇ ಭರವಸೆ ಕೊಟ್ಟಿದ್ದೆ.

ಗುಡ್ಡದ ಬುಡದಲ್ಲಿ ಕುರಿಗಾಹಿಯೊಬ್ಬರು ಎದುರಾದರು. "ಸರ, ಇಷ್ಟೊತ್ತಿಗೆ ಯಾಕ ಹೊಂಟೀರಿ? ಮ್ಯಾಲ ದೊಣಿ ಬತ್ತಿ ಹದಿನೈದು ದಿವಸ ಆತು. ಮುಂಜಾನೆ ಬರ್ರಿ" ಎಂದರು. ನಾನು ನಕ್ಕು ಮುಂದೆ ನಡೆದೆ. ಮಣ್ಣು-ನೀರಿನ ಬಗ್ಗೆ ಡಾಕ್ಟರೇಟ್ ಪಡೆದವನು ಆ ದಿನದ ಅತ್ಯಂತ ಖಚಿತವಾದ ಮಾಹಿತಿಯನ್ನು ಅಲ್ಲಿಯೇ ಬಿಟ್ಟುಹೋದೆ.

ಶಿಡ್ಲಫಡಿಯವರೆಗೆ ಎಲ್ಲವೂ ಸುಗಮವಾಗಿತ್ತು. ಸಿಡಿಲು ಬಡಿದ ಬಂಡೆ ಎಂಬ ಅರ್ಥದ ಈ ಹೆಸರಿನ ತಾಣದಲ್ಲಿ ಮರಳುಗಲ್ಲು ತಾನೇ ಕಮಾನಿನಂತೆ ನಿಂತಿದೆ. ಅದರ ನೆರಳಿನ ಗೋಡೆಗಳ ಮೇಲೆ ಪ್ರಾಗೈತಿಹಾಸಿಕ ಮಾನವರು ಬರೆದ ಚಿತ್ರಗಳಿವೆ. ಅಲ್ಲಿಂದ ಮುಂದೆ ಕಾಲುದಾರಿ ಬಿಟ್ಟು ಮಹಾಕೂಟದ ದಿಕ್ಕನ್ನು ಹಿಡಿದು ಬಂಡೆಯ ಹಾಸಿನ ಮೇಲೆಯೇ ನಡೆದೆವು. ಮಲೆನಾಡಿನಲ್ಲಿ ದಾರಿ ತಪ್ಪಿದರೆ ನೆರಳಿದೆ, ಇಳಿದರೆ ಹಳ್ಳವಿದೆ. ಇಲ್ಲಿ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಕಲ್ಲು. ಹನ್ನೊಂದೂವರೆಗೆ ನಾನು ನಂಬಿದ್ದ ದೊಣೆಯನ್ನು ತಲುಪಿದೆವು. ಅದರ ತಳದಲ್ಲಿ ಒಣಗಿ ಬಿರಿದ ಪಾಚಿ, ನಾಲ್ಕಾರು ಪ್ಲಾಸ್ಟಿಕ್ ಬಾಟಲಿಗಳು, ಒಡೆದ ಗಾಜು ಇದ್ದವು. ನೀರು ಒಂದು ಹನಿಯೂ ಇರಲಿಲ್ಲ.

ಆಗ ನಮ್ಮಲ್ಲಿ ಎರಡು ಅಭಿಪ್ರಾಯಗಳಾದವು. ಮಹಾಕೂಟದಲ್ಲಿ ಪುಷ್ಕರಿಣಿಯಿದೆ, ಒಂದೂವರೆ ಗಂಟೆ ನಡೆದರೆ ಮುಟ್ಟಬಹುದು ಎಂದು ಇಬ್ಬರು; ಹಿಂದಿರುಗೋಣ ಎಂದು ಇನ್ನಿಬ್ಬರು. ನಮ್ಮಲ್ಲೊಬ್ಬ ಗೆಳೆಯ ಹಿಮಾಲಯದಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ತರಬೇತಿ ಪಡೆದು, ಋತು ಮುಗಿಯುವ ದಿನಗಳಲ್ಲಿ ಗೆಳೆಯರೊಡನೆ ಎತ್ತರದ ಇಳಿಜಾರುಗಳಿಗೆ ಹೋಗಿ ಬಂದವನು. ಅವನು ಹೇಳಿದ ಮಾತು ಇದು: ವಸಂತದಲ್ಲಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗ್ಗೆ ಗಟ್ಟಿಯಾಗಿರುತ್ತದೆ. ಬಿಸಿಲೇರಿದಂತೆ ಅದು ನೆನೆದು ಸಡಿಲವಾಗುತ್ತದೆ, ಇಡೀ ಇಳಿಜಾರೇ ಕುಸಿಯಬಹುದು. ಆದ್ದರಿಂದ ಅಲ್ಲಿ ಕತ್ತಲಿರುವಾಗಲೇ ಹೊರಡುತ್ತಾರೆ. ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ನಿಶ್ಚಯಿಸುತ್ತಾರೆ. ಆ ಗಂಟೆಯಾದೊಡನೆ, ಶಿಖರ ಕಣ್ಣೆದುರಿಗೇ ಇದ್ದರೂ ತಿರುಗುತ್ತಾರೆ. "ನಾವು ಇಂದು ಗಂಟೆಯನ್ನೇ ನಿಶ್ಚಯಿಸಿಲ್ಲ" ಎಂದ.

ಚರ್ಚೆ ಮುಗಿಯುವ ಮೊದಲೇ ನಮ್ಮೊಡನಿದ್ದ ಶಿಕ್ಷಕ ಮಿತ್ರರು ಕುಳಿತುಬಿಟ್ಟರು. ಐವತ್ತು ದಾಟಿದವರು. ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡತೊಡಗಿದರು. ಬಿಸಿಲಿನಲ್ಲಿ ನಡೆಯುವವನ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಲ್ಲದು. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ಮಂಕಾದರೆ ಪ್ರಾಣಕ್ಕೇ ಅಪಾಯ. ಪುಸ್ತಕದಲ್ಲಿ ಓದಿದ ಈ ವಾಕ್ಯ ಗೆಳೆಯನ ಮುಖದಲ್ಲಿ ಕಂಡಾಗ ನನ್ನ ಕೈ ನಡುಗಿತು. ಬಂಡೆಯೊಂದರ ಚಾಚಿನ ಕೆಳಗೆ ಮಲಗಿಸಿ, ಅಂಗಿ ಸಡಿಲಿಸಿ, ಉಳಿದ ನೀರಿನಲ್ಲಿ ಟವೆಲ್ ನೆನೆಸಿ ಕುತ್ತಿಗೆ, ಕಂಕುಳಿಗೆ ಇಟ್ಟೆವು. ಗಾಳಿ ಬೀಸಿದೆವು.

ಕಾಲು ಗಂಟೆಯಲ್ಲಿ ಕುರಿಗಾಹಿಯೇ ಬಂದರು. ಮೇಲೆ ಮನುಷ್ಯರು ನಿಂತಲ್ಲೇ ನಿಂತದ್ದನ್ನು ದೂರದಿಂದ ಗಮನಿಸಿದ್ದರಂತೆ. ಗೋಣಿತಾಟು ಸುತ್ತಿ ತೋಯಿಸಿದ ಅವರ ಕ್ಯಾನಿನಲ್ಲಿ ತಣ್ಣಗಿನ ನೀರಿತ್ತು. ಬೈಯಲಿಲ್ಲ. "ಸಣ್ಣ ಗುಟುಕು ಕುಡಸ್ರಿ, ಗಡಿಬಿಡಿ ಮಾಡಬ್ಯಾಡ್ರಿ" ಎಂದಷ್ಟೇ ಹೇಳಿದರು. ಗೆಳೆಯರು ಚೇತರಿಸಿಕೊಂಡ ಮೇಲೆ ಕೊಳ್ಳದೊಳಕ್ಕೆ ಇಳಿಸಿ, ಒಂದು ಅತ್ತಿಮರದ ಬುಡಕ್ಕೆ ಕರೆದೊಯ್ದರು. ಅಲ್ಲಿ ಮರಳನ್ನು ಕೈಯಿಂದ ಮೊಳದಷ್ಟು ತೋಡಿದರು. ನಿಧಾನವಾಗಿ ನೀರು ಒಸರಿತು. ಅದು ವರತೆ. ನಕ್ಷೆಯಲ್ಲಿ ಇಲ್ಲದ, ನನ್ನ ಜ್ಞಾನದಲ್ಲಿ ಇಲ್ಲದ, ಅವರ ಅಜ್ಜನ ಕಾಲದಿಂದ ಅವರಿಗೆ ಗೊತ್ತಿದ್ದ ನೀರು. ಸಂಜೆ ನಾಲ್ಕೂವರೆಯವರೆಗೆ ಅಲ್ಲಿದ್ದು ಬಾದಾಮಿಗೆ ಮರಳಿದೆವು. ಆ ದಿನ ಮಹಾಕೂಟ ನಮಗೆ ದಕ್ಕಲಿಲ್ಲ.

ಮರುದಿನ ರಸ್ತೆಯ ಮೂಲಕ ಅಲ್ಲಿಗೆ ಹೋದೆವು. ವಿಷ್ಣು ಪುಷ್ಕರಿಣಿ ತಿಳಿನೀರಿನಿಂದ ತುಂಬಿತ್ತು. ಹುಡುಗರು ಧುಮುಕಿ ಈಜುತ್ತಿದ್ದರು. ಶಿಕ್ಷಕ ಮಿತ್ರರು ಮೆಟ್ಟಿಲ ಮೇಲೆ ಕುಳಿತು ನೀರಿನಲ್ಲಿ ಕಾಲಿಟ್ಟು, "ನಿನ್ನೆ ಈ ಗುಡ್ಡದ ಮೇಲೆ ನೀರಿಲ್ಲದೆ ಬಿದ್ದೆ. ಅದೇ ಗುಡ್ಡದ ಬುಡದಲ್ಲಿ ಇಷ್ಟು ನೀರು ಎಲ್ಲಿಂದ ಬಂತು ವಿಜ್ಞಾನಿಗಳೇ?" ಎಂದು ಕೇಳಿದರು.

ಇಂದಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ.

ಹಿಮಾಲಯವು ಚಳಿಗಾಲದ ತನ್ನ ನೀರನ್ನು ಹಿಮವಾಗಿ ಕೂಡಿಟ್ಟು, ಬೇಸಿಗೆಯಲ್ಲಿ ಕರಗಿಸಿ ಕೆಳಗಿನವರಿಗೆ ಕೊಡುತ್ತದೆ. ನಮ್ಮ ಗುಡ್ಡಗಳಲ್ಲಿ ಹಿಮವಿಲ್ಲ. ನಮ್ಮ ಮಳೆ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಬೋಳು ಬಂಡೆಯಾದರೆ ಆ ನೀರು ಕೆಲವು ಗಂಟೆಗಳಲ್ಲಿ ಹಳ್ಳ ಸೇರುತ್ತದೆ. ಮಳೆ ಬಿದ್ದಾಗ ಬಾದಾಮಿಯ ಅಕ್ಕ-ತಂಗಿ ಜಲಪಾತ ಎಷ್ಟು ಸೊಗಸಾಗಿ ಧುಮುಕುತ್ತದೆ, ಮಳೆ ನಿಂತ ಮೇಲೆ ಎಷ್ಟು ಬೇಗ ಬತ್ತುತ್ತದೆ ಎಂಬುದನ್ನು ನೀವೇ ನೋಡಿದ್ದೀರಿ. ಆದರೆ ಬಂಡೆಯ ಸಂದಿನಲ್ಲಿ ಹಿಡಿ ಮಣ್ಣು, ಮಣ್ಣಿನಲ್ಲಿ ಹುಲ್ಲು, ಕವಳಿ, ಬಾರಿ ಗಿಡಗಳ ಬೇರು ಇದ್ದರೆ ನೀರಿನ ಓಟ ತಗ್ಗುತ್ತದೆ. ನಿಂತ ನೀರು ಮರಳುಗಲ್ಲಿನ ಪದರ ಪದರಗಳ ನಡುವಿನ ಬಿರುಕುಗಳಿಗೆ ಇಳಿಯುತ್ತದೆ. ಅಲ್ಲಿ ಸೂರ್ಯನ ಕಣ್ಣಿಗೆ ಬೀಳದೆ ತಿಂಗಳುಗಟ್ಟಲೆ ಸಾಗಿ, ತಗ್ಗಿನಲ್ಲಿ ಊಟೆಯಾಗಿ, ವರತೆಯಾಗಿ ಹೊರಬರುತ್ತದೆ. ಆ ಪೊದೆಗಳು, ಆ ಬಿರುಕುಗಳೇ ನಮ್ಮ ಹಿಮ.

ನಿಮ್ಮ ಇಳಕಲ್ಲಿನ ಕಲ್ಲು ಬೇರೆ ಜಾತಿಯದು. ಬಾದಾಮಿಯದು ನೀರಿನಡಿಯಲ್ಲಿ ಮರಳು ಪದರಗಟ್ಟಿ ಆದ ಕಲ್ಲು. ನಿಮ್ಮದು ಭೂಗರ್ಭದಲ್ಲಿ ಕರಗಿದ ಶಿಲಾರಸ ತಣಿದು ಆದ ಕೆಂಪು ಗ್ರಾನೈಟ್, ವಯಸ್ಸಿನಲ್ಲಿ ಅದಕ್ಕಿಂತ ಬಹಳ ಹಿರಿಯದು. ಇದು ಇಡಿಯಾಗಿದ್ದರೆ ನೀರನ್ನು ಬಿಡದು. ಸೀಳುಗಳಲ್ಲಿ, ಶಿಥಿಲವಾದ ಮೇಲ್ಪದರದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹಾಗಾಗಿ ಇಲ್ಲಿ ಕೊಳವೆಬಾವಿ ಕೊರೆದಾಗ ಒಂದು ಹೊಲದಲ್ಲಿ ನೀರು ಸಿಕ್ಕು, ಪಕ್ಕದ ಹೊಲದಲ್ಲಿ ಬರಿಯ ಧೂಳು ಬರುತ್ತದೆ. ಆ ತೆಳುವಾದ ಮೇಲ್ಪದರವನ್ನು ಕಿತ್ತು ರಾಶಿ ಹಾಕಿದರೆ, ಒಡೆದ ಕಲ್ಲಿನ ತ್ಯಾಜ್ಯವನ್ನು ಹಳ್ಳಕ್ಕೆ ಸುರಿದರೆ, ನಷ್ಟವಾಗುವುದು ಕೆಳಗಿನ ಬಾವಿಗಳಿಗೆ. ಕಲ್ಲಿನ ಕೆಲಸವನ್ನು ನಂಬಿದ ಕುಟುಂಬಗಳು ಈ ಸಭೆಯಲ್ಲಿಯೂ ಇವೆ. ಅವರ ಅನ್ನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೇಳುವುದಿಷ್ಟೇ: ಹಳ್ಳದ ದಾರಿ ತೆರೆದಿರಲಿ, ಮೇಲ್ಮಣ್ಣನ್ನು ಬೇರೆಯಾಗಿ ಕಾದಿಡಲಿ, ಕೆಲಸ ಮುಗಿದ ಕುಣಿಯನ್ನು ಹೇಗೆ ಬಿಡಬೇಕೆಂಬುದು ಮೊದಲೇ ತೀರ್ಮಾನವಾಗಲಿ.

ಇನ್ನು ಕಪ್ಪುನೆಲ. ಈ ಸೀಮೆಯ ವಾರ್ಷಿಕ ಮಳೆ ಸುಮಾರು 550-600 ಮಿ.ಮೀ. ಮಾತ್ರ. ಒಂದು ಮೀಟರ್ ಆಳದ ಕಪ್ಪುಮಣ್ಣು ಬೆಳೆಗೆ ದಕ್ಕುವಂತಹ 150ರಿಂದ 200 ಮಿ.ಮೀ. ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ ಹೆಚ್ಚಾಗಿ ಆ ತೇವದ ಮೇಲೆಯೇ ತೆನೆ ಬಿಡುತ್ತದೆ. ಹುನಗುಂದದ ಕಡೆಯ ರೈತರು ಹೊಲಕ್ಕೆ ಮಣ್ಣಿನ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣು ಕೊಚ್ಚದೆ ಇಳಿಯುವಂತೆ ಕಲ್ಲಿನ ಕೋಡಿ ಕಟ್ಟುವುದನ್ನು ತಲೆಮಾರುಗಳಿಂದ ಬಲ್ಲವರು. ಗುಡ್ಡದಲ್ಲಿ ಹುಲ್ಲು ಮಾಡುವ ಕೆಲಸವನ್ನೇ ಹೊಲದಲ್ಲಿ ಆ ಒಡ್ಡು ಮಾಡುತ್ತದೆ. ಒಡ್ಡು ಒಡೆದಿದ್ದರೆ ದಯವಿಟ್ಟು ಈ ಬೇಸಿಗೆಯಲ್ಲೇ ಕಟ್ಟಿ. ಮಳೆಗಾಲ ಬಂದ ಮೇಲೆ ಕಟ್ಟಲಾಗದು.

ವಿದ್ಯಾರ್ಥಿಗಳಿಗೆ ಎರಡು ಮಾತು. ಗುಡ್ಡಕ್ಕೆ ಹೋಗಿ. ಹೋಗದವರಿಗೆ ಗುಡ್ಡದ ಮೇಲೆ ಪ್ರೀತಿ ಹುಟ್ಟದು. ಆದರೆ ಬೆಟ್ಟ ನಮ್ಮ ರಜೆಯ ದಿನಗಳನ್ನು ನೋಡಿ ನಡೆಯುವುದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಪ್ರದೇಶದಲ್ಲಿ, ಕರ್ನಾಟಕದಿಂದ ಹೋದವರೇ ಹೆಚ್ಚಾಗಿದ್ದ 22 ಮಂದಿಯ ಚಾರಣ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ಆ ಸುದ್ದಿ ಓದಿದ ರಾತ್ರಿ ನನಗೆ ಅತ್ತಿಮರದ ಬುಡದ ವರತೆ ನೆನಪಾಯಿತು. ಅಂದು ಆ ಹಿರಿಯರು ನಮ್ಮನ್ನು ಗಮನಿಸದಿದ್ದರೆ ನಮ್ಮದೂ ಒಂದು ಸುದ್ದಿಯಾಗುತ್ತಿತ್ತು.

ನಮ್ಮ ಮಲೆನಾಡಿನಲ್ಲಿ ಸಮಸ್ಯೆ ಬೇರೆ ರೂಪದಲ್ಲಿದೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಬಳಿಕ, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಬತ್ತಿದ ದೊಣೆಯಲ್ಲಿ ನಾನು ಕಂಡ ಬಾಟಲಿಗಳೂ ನಮ್ಮಂತಹ ವಿದ್ಯಾವಂತ ಚಾರಣಿಗರವೇ. ಕುರಿಗಾಹಿಯ ಕ್ಯಾನು ಹತ್ತು ವರ್ಷ ಬಾಳುತ್ತದೆ.

ಹೋಗುವಾಗ ಬೆಳಕು ಹರಿಯುವ ಮೊದಲೇ ಹೊರಡಿ. ಹಿಂದಿರುಗುವ ಗಂಟೆಯನ್ನು ನಿಶ್ಚಯಿಸಿ. ದಾರಿಯ ನೀರನ್ನು ನಂಬದೆ ಪೂರ್ತಿ ನೀರು ಒಯ್ಯಿರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕ ಚೀಲದಲ್ಲಿರಲಿ. ಚಮಚವೆಂದರೆ ಚಹದ ಚಮಚ. ಎಲ್ಲಕ್ಕಿಂತ ಮೊದಲು, ಗುಡ್ಡದ ಬುಡದಲ್ಲಿ ಸಿಕ್ಕವರನ್ನು ಕೇಳಿ, ಅವರು ಹೇಳಿದ್ದನ್ನು ನಂಬಿ.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಊರಿನ ಸುತ್ತಲಿನ ದೊಣೆ, ವರತೆ, ಬಾವಿಗಳ ಪಟ್ಟಿ ಮಾಡಿ. ತಿಂಗಳಿಗೊಮ್ಮೆ ಹೋಗಿ ನೀರು ಎಷ್ಟಿದೆ ಎಂದು ಕೋಲಿನಿಂದ ಅಳೆದು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ವರ್ಷ ಯಾವ ತಿಂಗಳು ಬತ್ತಿತು ಎಂಬುದನ್ನು ಕುರಿ ಕಾಯುವವರನ್ನು, ಹಿರಿಯ ರೈತರನ್ನು ಕೇಳಿ ದಾಖಲಿಸಿ. ಇದಕ್ಕೆ ಯಂತ್ರ ಬೇಡ, ಅನುದಾನ ಬೇಡ. ಐದು ವರ್ಷ ಬರೆದರೆ ನಿಮ್ಮ ಗುಡ್ಡದ ನೀರಿನ ಬಗ್ಗೆ ಯಾವ ವಿಜ್ಞಾನಿಗಿಂತಲೂ ಹೆಚ್ಚು ತಿಳಿದಿರುತ್ತೀರಿ. ಯಾರಾದರೂ ಗುಡ್ಡವನ್ನು ನಿರುಪಯುಕ್ತ ಬಂಜರು ಎಂದಾಗ ತೋರಿಸಲು ನಿಮ್ಮ ಕೈಯಲ್ಲಿ ಆ ಪುಸ್ತಕವಿರುತ್ತದೆ.

ಆ ಕುರಿಗಾಹಿ ಹಿರಿಯರಿಗೆ ಅಂದು ನಾವು ಹಣ ಕೊಡಲು ಹೋದೆವು. ತೆಗೆದುಕೊಳ್ಳಲಿಲ್ಲ. ತೋಡಿದ ವರತೆಯ ಮೇಲೆ ಒಂದು ಚಪ್ಪಟೆ ಕಲ್ಲು ಮುಚ್ಚುವಂತೆ ಮಾತ್ರ ಹೇಳಿದರು. ಮುಚ್ಚಿ ಬಂದೆವು.